ಬಾಯಿಗೆ ಬಂದ ಆ ಎರಡು ಪದ

ನವನಗರ, ಬಾಗಲಕೋಟೆ

ಮಗಳೇ,

ದೊಡ್ಡವ್ವನ ಆಶೀರ್ವಾದ. ಮನೆ ಸುದ್ದಿಯೆಲ್ಲ ನಿನ್ನವ್ವ ಫೋನಿನಲ್ಲಿ ಹೇಳಿದ್ದಾಳೆ. ಅದನ್ನು ಮತ್ತೆ ಬರೆಯುವುದಿಲ್ಲ.

ನಿನ್ನ ಪತ್ರ ಮೂರು ಸಲ ಓದಿದೆ. ಟೀಚರ್ ತರಬೇತಿಯ ವೀಕ್ಷಣೆಗೆ ನೀನು ಹೋಗಿದ್ದ ಶಾಲೆಯ ಗೋಡೆ ತುಂಬ ಮಕ್ಕಳೇ ಬರೆದು ಅಂಟಿಸಿದ ಪ್ರಶ್ನೆಗಳು, "ಅದು ನಿನಗೆ ಹೇಗೆ ಗೊತ್ತಾಯ್ತು?" ಅಂತ ತಿರುಗಿ ಕೇಳುವ ಟೀಚರ್, ಕಿಟಕಿಯ ಹತ್ತಿರ ಒಂದು ಡಬ್ಬಿ ಜೋಳದ ಸಸಿ, ಕಪಾಟಿನ ಕತ್ತಲಲ್ಲಿ ಇನ್ನೊಂದು. ಓದಿ ಖುಷಿಯಾಯ್ತು. ಆದರೆ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯಲ್ಲ, ಆ ನಾಲ್ಕು ಸಾಲು ನನ್ನ ನಿದ್ದೆ ಕೆಡಿಸಿವೆ. "ಕತ್ತಲದಾಗ ಇಟ್ಟಿದ್ದ ಯಾಕ ಎತ್ತರ ಬೆಳದೈತ್ರಿ ಅಕ್ಕಾರ?" ಅಂತ ಒಬ್ಬ ಹುಡುಗಿ ನಿನ್ನ ದುಪಟ್ಟಾ ಜಗ್ಗಿ ಕೇಳಿದಳು. ನೋಟ್‌ಬುಕ್ಕಿನಲ್ಲಿ ಮುಳುಗಿದ್ದ ನಿನ್ನ ಬಾಯಿಂದ "ಸುಮ್ನೆ ಕೂಡು" ಅಂತ ಬಂತು. ಅವಳು ಮತ್ತೆ ಏನೂ ಕೇಳಲಿಲ್ಲ. "ದೊಡ್ಡವ್ವಾ, ನಾನೂ ಅಂಥ ಟೀಚರೇ ಆಗ್ತೀನೇನು?" ಅಂತ ಬರೆದಿದ್ದೀ.

ಇಲ್ಲ ಅಂತ ಒಂದೇ ಮಾತು ಬರೆದು ಪತ್ರ ಮುಗಿಸಬೇಕು ಅಂತಿದ್ದೆ. ಆಗಲಿಲ್ಲ. ಆ ಎರಡು ಪದ ನಾನೂ ಅಂದವಳು. ದಿನಕ್ಕೆ ಎಷ್ಟು ಸಲವೋ.

ನಾನು ಹುಟ್ಟಿದ ವರ್ಷ, 1964ರಲ್ಲಿ, ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದ್ದು. ನೀರು ಬರ್ತದೆ, ಬರ್ತದೆ ಅಂತಲೇ ಹೊಳೆಸಾಲಿನ ಊರುಗಳು 30 ವರ್ಷ ಕಳೆದವು. ನಾನು ಕೃಷ್ಣೆಯ ದಂಡೆಯ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದಾಗ ಕೊನೆಗೂ ಊರು ಬಿಡುವ ಹೊತ್ತು ಬಂತು. ಅಂಥದ್ದೊಂದು ದಿನ ನಾಲ್ಕನೇ ತರಗತಿಯ ಹುಡುಗ ಎದ್ದು ನಿಂತ. "ಅಕ್ಕೋರ್ರೀ, ಹೊಳಿ ನೀರು ಬಂದು ಬಾವಿ ಮುಳುಗಿದ್ರ, ಬಾವ್ಯಾಗಿನ ಸವುಳು ನೀರು ಸಿಹಿ ಆಗ್ತೈತೇನ್ರಿ?" ಅಂದ. ಆ ಬಾವಿ ನೀರು ಬಾಯಿಗೆ ಹಾಕುವಂತಿರಲಿಲ್ಲ. ಅವನ ಅವ್ವ ಕುಡಿಯೋಕೆ ದಿನಾ ಹೊಳೆಯಿಂದ ಕೊಡ ಹೊತ್ತು ತರುತ್ತಿದ್ದಳು. ಆ ಪ್ರಶ್ನೆ ಎಲ್ಲಿಂದ ಬಂತು ಅಂತ ಈಗ ಅರ್ಥವಾಗುತ್ತದೆ. ಅವತ್ತು ನನಗೆ ಪಾಠ ಮುಗಿಸುವ ಆತುರ. "ಸುಮ್ನೆ ಕೂಡು, ಬರ್ಕೋ" ಅಂದೆ. ಕೂತ. ತಿಂಗಳೊಳಗೆ ಅವರ ಮನೆ ಸಾಮಾನು ಟ್ರ್ಯಾಕ್ಟರ್ ಏರಿತು. ಯಾವ ಪುನರ್ವಸತಿ ಕೇಂದ್ರಕ್ಕೆ ಹೋದರೋ, ಅವನನ್ನು ಮತ್ತೆ ನೋಡಲಿಲ್ಲ.

ಒಂದು ಗಾಜಿನ ಲೋಟ ಸಾಕಿತ್ತು. ಅರ್ಧ ಲೋಟ ನೀರಿಗೆ ಎರಡು ಚಮಚ ಉಪ್ಪು, ಎರಡು ಹನಿ ಶಾಯಿ ಹಾಕಿ ಕರಗಿಸೋದು. ಮೇಲಿಂದ ಸಿಹಿನೀರನ್ನು ಚಮಚದ ಮೇಲೆ ನಿಧಾನಕ್ಕೆ ಬಿಡೋದು. ಉಪ್ಪುನೀರು ಭಾರ, ಬಣ್ಣದ ನೀರು ಕೆಳಗೇ ನಿಲ್ಲುತ್ತದೆ. ಕಲಕಿದರೆ ಎರಡೂ ಬೆರೆಯುತ್ತವೆ. ಬಾವಿಯಲ್ಲಿ ಏನಾದೀತು ಅಂತ ಮಕ್ಕಳೇ ಜಗಳಾಡಿ ಹೇಳುತ್ತಿದ್ದರು. ಅರ್ಧ ಗಂಟೆಯ ಕೆಲಸ. ಅದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ, ಅಡುಗೆಮನೆಯಲ್ಲಿ. ನಿನಗೆ ನಿನ್ನ ತಪ್ಪು ಅದೇ ದಿನ ಸಂಜೆ ಹೊಳೆದಿದೆ. ಹೀಗಂದ ಮಾತ್ರಕ್ಕೆ ನಿನ್ನ ಹೆದರಿಕೆ ಹೋಗಲಿಕ್ಕಿಲ್ಲ, ಗೊತ್ತು.

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿ 2009ರಲ್ಲಿ ನಮ್ಮ ಕಡೆಗೂ ಬಂತು. ಮಕ್ಕಳು ಗುಂಪಾಗಿ ಕೂತು, ಕಲಿಕೆಯ ಹಂತ ತೋರಿಸುವ ಕಲಿಕಾ ಏಣಿ ನೋಡಿ, ತಮ್ಮ ತಮ್ಮ ಕಾರ್ಡು ಹುಡುಕಿಕೊಂಡು ಕಲಿಯಬೇಕು. ಮರುವರ್ಷ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಯ್ತು. ಮಕ್ಕಳು ತಾವೇ ಹುಡುಕಿ ಕಲಿಯಬೇಕು, ಭಯವಿಲ್ಲದೆ ತಮ್ಮ ಮಾತು ಹೇಳಬೇಕು ಅಂತ ಅದರ 29ನೇ ಕಲಮಿನಲ್ಲೇ ಇದೆ. ತರಬೇತಿಯಲ್ಲಿ ಚಂದಾಗಿ ಬರೆದುಕೊಂಡು ಬಂದೆ. ಮರುದಿನವೇ ಒಬ್ಬಳಿಗೆ ಸುಮ್ನೆ ಕೂಡು ಅಂದೆ. ಕಾರ್ಡು ಬದಲಾದವು, ನನ್ನ ಬಾಯಿ ಬದಲಾಗಲಿಲ್ಲ. ಸ್ವಲ್ಪ ಸದ್ದಾದರೂ ಹೊರಗೆ ಯಾರು ಏನಂದಾರೋ ಅಂತ ಕಿಟಕಿ ಕಡೆ ನೋಡುತ್ತಿದ್ದೆ.

ಆ ವರ್ಷಗಳಲ್ಲೇ ಅಲ್ವಾ ನೀನು ನನ್ನ ಕ್ಲಾಸಿನಲ್ಲಿ ಕೂತದ್ದು? ನಿನ್ನ ಬಾಯಿಗೆ ಆ ಮಾತು ಎಲ್ಲಿಂದ ಬಂತು ಅಂತ ನೀನು ಕೇಳಿಲ್ಲ. ನನ್ನ ನಿದ್ದೆ ಹೋಗಿದ್ದು ಅದಕ್ಕೇ.

ಹೇಳೋಕೆ ನನ್ನ ಹತ್ತಿರ ಜಾಸ್ತಿ ಏನಿಲ್ಲ. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ ತರಗತಿಗಳ ಧ್ವನಿಮುದ್ರಣ ಕೇಳಿ ಕಂಡುಕೊಂಡಿದ್ದರಂತೆ. ಪ್ರಶ್ನೆ ಕೇಳಿದ ಮೇಲೆ ಟೀಚರುಗಳು ಉತ್ತರಕ್ಕೆ ಕಾಯೋದು ಸುಮಾರು 1 ಸೆಕೆಂಡ್ ಮಾತ್ರ. 3 ಸೆಕೆಂಡ್ ಕಾದರೆ ಮಕ್ಕಳು ಜಾಸ್ತಿ ಮಾತಾಡುತ್ತಾರೆ, ತಾವೇ ಪ್ರಶ್ನೆ ಕೇಳುತ್ತಾರೆ. ನಾನು ಅದನ್ನೇ ತಿರುಗಿಸಿ ಹಚ್ಚಿಕೊಂಡೆ. ಮಗು ಏನಾದರೂ ಕೇಳಿದರೆ ಮನಸ್ಸಿನಲ್ಲಿ ಮೂರು ಎಣಿಸಿ ಆಮೇಲೆ ಬಾಯಿ ತೆರೆಯೋದು. ನೌಕರಿಯ ಕೊನೆಯ ಎರಡು ವರ್ಷ ಹಾಗೆ ಮಾಡಿದೆ. ಎಷ್ಟೋ ಸಲ ಮರೆತೆ. ನಿನಗೆ ಉಪಯೋಗ ಆಗ್ತದೋ ಇಲ್ಲವೋ.

ಮುಂದಿನ ವಾರ ಮತ್ತೆ ಅಲ್ಲಿಗೆ ಹೋಗುವುದಿದೆ ಅಂದಿದ್ದೀ. ವೀಕ್ಷಣೆಯ ವರದಿ ಆಮೇಲೆ ಬರೆದರಾಯ್ತು, ಮೊದಲು ಆ ಹುಡುಗಿ ಹತ್ತಿರ ಕೂಡು. "ಅವತ್ತು ನೀ ಕೇಳಿದ್ದನ್ನ ನಾ ಸರಿಯಾಗಿ ಕೇಳಲಿಲ್ಲ, ಇನ್ನೊಮ್ಮೆ ಹೇಳು" ಅನ್ನು. ಕತ್ತಲಲ್ಲಿ ಸಸಿ ಕಾಳಿನಲ್ಲಿದ್ದ ಆಹಾರವನ್ನೆಲ್ಲ ಉದ್ದ ಬೆಳೆಯೋಕೇ ಸುರಿಯುತ್ತದೆ, ಬೆಳಕು ಸಿಕ್ಕೀತು ಅಂತ. ಅದಕ್ಕೆ ಹಸಿರು ಹತ್ತುವುದಿಲ್ಲ. ಅದು ನಿನಗೂ ಗೊತ್ತು. ಥಟ್ಟನೆ ಹೇಳಿಬಿಡಬೇಡ. ಎರಡರ ಬಣ್ಣ ನೋಡಿದೆಯಾ, ಕಾಂಡ ಮುಟ್ಟಿ ನೋಡಿದೆಯಾ ಅಂತ ಕೇಳು. ಅವಳು ಮಾತಾಡದಿದ್ದರೆ ಬಿಡು, ಪಕ್ಕದಲ್ಲಿ ಕೂತಿರು. ನಾನು ಇದನ್ನೆಲ್ಲ ಹೇಳೋಕೆ ಯೋಗ್ಯಳೋ ಅಲ್ಲವೋ, ಆದರೂ ಬರೆದೆ.

ಹೋದ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಆ ಊರಿನ ಕಡೆ ಹೋಗಿದ್ದೆ. ಬಾವಿಕಟ್ಟೆಯ ಕಲ್ಲು ಕಾಣಿಸಿದವು. ಒಳಗೆಲ್ಲ ಹೂಳು. ಬಗ್ಗಿ ನೋಡಿದರೆ ನೀರೇ ಇರಲಿಲ್ಲ.

ನಿನ್ನ ಪತ್ರ ಬಂದ ದಿನವೇ ನಾನೂ ಎರಡು ಡಬ್ಬಿಗೆ ಬಿಳಿಜೋಳ ಹಾಕಿದ್ದೇನೆ. ಒಂದು ಅಂಗಳದಲ್ಲಿದೆ, ಒಂದು ಕಪಾಟಿನಲ್ಲಿ ಹಿಟ್ಟಿನ ಡಬ್ಬಿಯ ಹಿಂದೆ. ಇವತ್ತಿಗೆ ಎಂಟು ದಿನ. ಕಪಾಟಿನದು ಎರಡು ಬೆರಳು ಮುಂದಿದೆ, ಬಿಳುಚಿಕೊಂಡಿದೆ. ಅದನ್ನು ಈಗ ಬಿಸಿಲಿಗೆ ತಂದರೆ ಎಷ್ಟು ದಿನಕ್ಕೆ ಹಸಿರಾಗ್ತದೆ? ಆ ಹುಡುಗಿಯನ್ನು ಕೇಳಿ ಬರಿ.

ನಿನ್ನ ದೊಡ್ಡವ್ವ