ಮೈಕಿನ ಅನುಮತಿ ಪತ್ರವನ್ನು ಮೈದಾನದ ಗೇಟಿಗೆ ಅಂಟಿಸಿ: ನಿವಾಸಿಗಳ ಮನವಿ

ಇವರಿಗೆ,
ಮಾನ್ಯ ಆಯುಕ್ತರು, ನಗರ ಪಾಲಿಕೆ
ಮಾನ್ಯ ಸಹಾಯಕ ಪೊಲೀಸ್ ಆಯುಕ್ತರು, ನಮ್ಮ ಉಪವಿಭಾಗ
ಬೆಂಗಳೂರು

ಇವರಿಂದ,
ಆಟದ ಮೈದಾನದ ಸುತ್ತಲಿನ ನಾಲ್ಕು ಅಡ್ಡರಸ್ತೆಗಳ ನಿವಾಸಿಗಳು

ವಿಷಯ: ಮೈದಾನದ ಕಾರ್ಯಕ್ರಮಗಳಿಗೆ ಕೊಡುವ ಧ್ವನಿವರ್ಧಕದ ಅನುಮತಿ ಎಲ್ಲರ ಕಣ್ಣಿಗೆ ಬೀಳುವಂತೆ ಮಾಡುವ ಬಗ್ಗೆ.

ಮಾನ್ಯರೇ,

ಮೈದಾನದಲ್ಲಿ ಕಾರ್ಯಕ್ರಮ ಬೇಡ ಅಂತ ಕೇಳುವುದಕ್ಕೆ ಈ ಪತ್ರ ಬರೆದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇವೆ. ರಾಜ್ಯೋತ್ಸವದ ಆರ್ಕೆಸ್ಟ್ರಾ, ಗಣಪತಿ ಪೆಂಡಾಲಿನ ಹರಿಕಥೆ, ಅಣ್ಣಮ್ಮನ ಉತ್ಸವ ಎಲ್ಲವೂ ನಮ್ಮವೇ. ಚಂದಾ ಕೊಡುವವರು ನಾವು, ಪ್ರಸಾದ ಬಡಿಸಲು ಸೌಟು ಹಿಡಿಯುವವರು ನಾವು, ಶಾಮಿಯಾನದ ಕೆಳಗೆ ಮುಂದಿನ ಸಾಲಿನಲ್ಲಿ ಕೂರುವವರೂ ನಾವೇ. ಈ ಪತ್ರಕ್ಕೆ ಸಹಿ ಹಾಕಿದವರಲ್ಲಿ ರಾಜ್ಯೋತ್ಸವ ನಡೆಸುವ ಹುಡುಗರೂ ಇದ್ದಾರೆ.

ಕಳೆದ ನವೆಂಬರ್‌ನಲ್ಲಿ ಆ ಹುಡುಗರಿಗೆ ಆದದ್ದನ್ನೇ ನೋಡಿ. ಮಕ್ಕಳ ಡ್ಯಾನ್ಸನ್ನು ಕೊನೆಗೆ ಇಟ್ಟಿದ್ದರು. ಭಾಷಣಗಳು ಉದ್ದವಾದವು. ರಾತ್ರಿ ಹತ್ತೂಕಾಲಿಗೆ ಪೊಲೀಸರು ಬಂದು ಮೈಕ್ ಆಫ್ ಮಾಡಿಸಿದರು. ಹುಡುಗರು ರಸೀದಿ ಹಿಡಿದುಕೊಂಡು ಓಡಿಬಂದರು. 'ದುಡ್ಡು ಕಟ್ಟಿದ್ದೀವಿ ಸಾರ್, ಪರ್ಮಿಷನ್ ಇದೆ' ಎಂದರು. ಅದು ಮೈದಾನದ ಬಾಡಿಗೆ ರಸೀದಿ. ಮೈಕಿಗೆ ಬೇರೆಯೇ ಅನುಮತಿ ಬೇಕು ಅನ್ನುವುದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ರಸೀದಿ ಕೊಟ್ಟ ಕೌಂಟರಿನಲ್ಲೂ ಯಾರೂ ಹೇಳಿರಲಿಲ್ಲ. ಸಂಜೆ ಆರಕ್ಕೇ ಮೇಕಪ್ ಮಾಡಿಸಿಕೊಂಡು, ಕಾಲಿಗೆ ಗೆಜ್ಜೆ ಕಟ್ಟಿ ಕಾದಿದ್ದ ಮಗುವೊಂದು ಅಮ್ಮನ ಸೀರೆಗೆ ಮುಖ ಒರೆಸಿಕೊಳ್ಳುತ್ತಾ ಮನೆಗೆ ಹೋಯಿತು. ಪೊಲೀಸರು ತಪ್ಪು ಮಾಡಲಿಲ್ಲ. ನಿಯಮ ಇರುವುದೇ ಹಾಗೆ. ಆದರೆ ಆ ನಿಯಮ ಎರಡು ವಾರ ಮುಂಚೆ ಗೊತ್ತಾಗಿದ್ದರೆ ಮಕ್ಕಳ ಕಾರ್ಯಕ್ರಮ ಏಳು ಗಂಟೆಗೇ ಮುಗಿದಿರುತ್ತಿತ್ತು, ಅಲ್ವಾ?

ಫೆಬ್ರವರಿಯಲ್ಲಿ ಇದಕ್ಕೆ ಉಲ್ಟಾ ನಡೆಯಿತು. ಯಾರದೋ ಖಾಸಗಿ ಸಮಾರಂಭ. ಡಿಜೆ ಸೆಟ್ಟು, ಆಳೆತ್ತರದ ಬಾಕ್ಸ್‌ಗಳು, ಎಲ್ಲವೂ ಮನೆಗಳ ಕಡೆಗೇ ಮುಖ ಮಾಡಿದ್ದವು. ಮಧ್ಯರಾತ್ರಿ 12 ದಾಟಿದರೂ ನಿಲ್ಲಲಿಲ್ಲ. ಮೂರನೇ ಅಡ್ಡರಸ್ತೆಯಲ್ಲಿ ಹಾರ್ಟ್ ಆಪರೇಷನ್ ಆಗಿ ಒಂದು ವಾರದ ಹಿಂದಷ್ಟೇ ಮನೆಗೆ ಬಂದಿದ್ದ ಅಜ್ಜ ಇದ್ದರು. ಅವರ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಸ್ಟೀಲ್ ಲೋಟಗಳು ಪ್ರತಿ ಏಟಿಗೂ ಒಂದಕ್ಕೊಂದು ತಾಗಿ ಟಿಣ್ ಟಿಣ್ ಅನ್ನುತ್ತಿದ್ದವು. ಸೊಸೆ ಎದ್ದು ಹೋಗಿ ಲೋಟಗಳ ನಡುವೆ ಬಟ್ಟೆ ತುರುಕಿದರು. ಲೋಟ ಸುಮ್ಮನಾದವು, ಮಂಚ ಅದುರುವುದು ನಿಲ್ಲಲಿಲ್ಲ. 112ಕ್ಕೆ ಫೋನ್ ಮಾಡಿದೆವು. ಗಸ್ತಿನವರು ಬಂದರು. ಕಾರ್ಯಕ್ರಮದವರು ಒಂದು ಕಾಗದ ತೋರಿಸಿದರು. ಅದರಲ್ಲಿ ಏನು ಬರೆದಿತ್ತು, ಎಷ್ಟು ಹೊತ್ತಿನವರೆಗೆ ಇತ್ತು, ನಮಗೆ ಇವತ್ತಿಗೂ ಗೊತ್ತಿಲ್ಲ. ಸದ್ದು ಹತ್ತು ನಿಮಿಷ ತಗ್ಗಿತು, ಆಮೇಲೆ ಮತ್ತೆ ಶುರುವಾಯಿತು.

ಎರಡೂ ಸಲ ಮೂಲ ತೊಂದರೆ ಒಂದೇ. ಯಾವ ಕಾಗದ ಯಾವುದಕ್ಕೆ, ಅದರಲ್ಲಿ ಏನಿದೆ ಅನ್ನುವುದು ನಡೆಸುವವರಿಗೂ ಗೊತ್ತಿಲ್ಲ, ಸುತ್ತ ವಾಸ ಮಾಡುವವರಿಗೂ ಗೊತ್ತಿಲ್ಲ.

ಹಾಗಾಗಿ ನಾವೇ ಕೂತು ಶಬ್ದ ಮಾಲಿನ್ಯ ನಿಯಮಗಳನ್ನು ಓದಿದೆವು. ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2000ದಲ್ಲಿ ಬಂದ ನಿಯಮಗಳು ಅವು. ಲಿಖಿತ ಅನುಮತಿ ಇಲ್ಲದೆ ಧ್ವನಿವರ್ಧಕ ಹಾಕುವಂತಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಹಾಕುವಂತೆಯೇ ಇಲ್ಲ. ಸುಪ್ರೀಂ ಕೋರ್ಟ್ ಕೂಡ 2005ರ ಜುಲೈ 18ರ ತೀರ್ಪಿನಲ್ಲಿ ಈ ರಾತ್ರಿ ನಿಷೇಧವನ್ನು ಗಟ್ಟಿ ಮಾಡಿದೆ. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬಗಳಿಗೆ ರಾಜ್ಯ ಸರ್ಕಾರ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಅದೂ ವರ್ಷಕ್ಕೆ 15 ದಿನ ಮೀರದಂತೆ, ಯಾವ ದಿನಗಳು ಅಂತ ಮುಂಚೆಯೇ ತಿಳಿಸಿ. ಖಾಸಗಿ ಸಮಾರಂಭದ ಡಿಜೆ ಈ 15 ದಿನಗಳ ಲೆಕ್ಕಕ್ಕೆ ಬರುವುದೇ ಇಲ್ಲ.

ಸದ್ದಿನ ಮಿತಿಯ ವಿಷಯದಲ್ಲಿ ಒಂದು ತಪ್ಪು ತಿಳುವಳಿಕೆ ಎಲ್ಲ ಕಡೆ ಇದೆ. ಸೌಂಡ್ ಸಿಸ್ಟಮ್‌ನವರನ್ನು ಕೇಳಿದರೆ '75 ಡೆಸಿಬೆಲ್‌ವರೆಗೆ ಓಕೆ' ಅನ್ನುತ್ತಾರೆ. ನಿಯಮದಲ್ಲಿ ಬೇರೆ ಇದೆ. ಸಾರ್ವಜನಿಕ ಜಾಗದ ಗಡಿಯಲ್ಲಿ, ಆ ಪ್ರದೇಶದ ಮಿತಿಗಿಂತ 10 ಜಾಸ್ತಿ ಅಥವಾ 75, ಎರಡರಲ್ಲಿ ಯಾವುದು ಕಡಿಮೆಯೋ ಅದು. ವಾಸದ ಪ್ರದೇಶಕ್ಕೆ ಹಗಲಿನ ಮಿತಿ 55. ಅಂದರೆ ನಮ್ಮ ಮೈದಾನದ ಕಾಂಪೌಂಡಿನಲ್ಲಿ 65 ದಾಟುವಂತಿಲ್ಲ. ಸಡಿಲಿಕೆ ಇರುವ ದಿನ ರಾತ್ರಿ 10ರ ಮೇಲೆ 55 ಅಷ್ಟೇ, ಯಾಕೆಂದರೆ ರಾತ್ರಿಯ ಮಿತಿ 45. 65ಕ್ಕೂ 75ಕ್ಕೂ ಹತ್ತೇ ವ್ಯತ್ಯಾಸ ಅಂತ ಕಾಣುತ್ತದೆ. ಆದರೆ ಡೆಸಿಬೆಲ್ ಲೆಕ್ಕದಲ್ಲಿ ಹತ್ತು ಜಾಸ್ತಿ ಅಂದರೆ ಸದ್ದಿನ ಶಕ್ತಿ ಹತ್ತು ಪಟ್ಟು.

ಬಾಸ್, ಅಂದರೆ ಎದೆಗೆ ಬಡಿಯುವ ದಪ್ಪ ಸದ್ದಿನ ವಿಚಾರವನ್ನೂ ಸೇರಿಸಬೇಕು. ನಿಯಮ ಹೇಳುವ ಅಳತೆ ನಮ್ಮ ಕಿವಿಗೆ ಹೊಂದಿಸಿದ್ದು, ಇಂಥ ದಪ್ಪ ಸದ್ದನ್ನು ಅದು ಕಡಿಮೆ ಮಾಡಿ ತೋರಿಸುತ್ತದೆ. 63 ಹರ್ಟ್ಸ್‌ನ ಬಾಸ್ ಸದ್ದಿನಲ್ಲಿ ಸುಮಾರು 26 ಡೆಸಿಬೆಲ್ ಕಳೆದುಬಿಡುತ್ತದೆ. ಗೋಡೆ ದಾಟಿ ಬರುವುದೂ, ಲೋಟ ಅದುರಿಸುವುದೂ ಆ ಬಾಸೇ. ಮೀಟರಿನಲ್ಲಿ ಎಲ್ಲ ಸರಿ ಇದ್ದರೂ ಮಂಚ ನಡುಗಬಹುದು. ಆದ್ದರಿಂದ ಅನುಮತಿ ಕೊಡುವಾಗ ಬಾಕ್ಸ್ ಎಷ್ಟು, ಯಾವ ಕಡೆಗೆ ಮುಖ ಅನ್ನುವುದನ್ನೂ ಬರೆಯಿರಿ ಅಂತ ಕೇಳುತ್ತೇವೆ. ನಮ್ಮ ಮೈದಾನದಲ್ಲಿ ವೇದಿಕೆಯನ್ನು ಪಶ್ಚಿಮದ ಕಾಂಪೌಂಡಿನಿಂದ ಪೂರ್ವಕ್ಕೆ ತಂದರೆ ಬಾಕ್ಸ್‌ಗಳು ಮುಖ್ಯರಸ್ತೆಯ ಅಂಗಡಿಗಳ ಕಡೆ ತಿರುಗುತ್ತವೆ. ಅಷ್ಟರಿಂದಲೇ ಅರ್ಧ ತೊಂದರೆ ತಪ್ಪುತ್ತದೆ.

ನಮ್ಮ ಮುಖ್ಯ ಕೋರಿಕೆ ಇಷ್ಟು. ಯಾವುದೇ ಕಾರ್ಯಕ್ರಮದ ಧ್ವನಿವರ್ಧಕದ ಅನುಮತಿ ಪತ್ರದ ಒಂದು ಪ್ರತಿಯನ್ನು ಎರಡು ದಿನ ಮುಂಚೆ ಮೈದಾನದ ಗೇಟಿಗೆ ಅಂಟಿಸಬೇಕು. ಶುರು ಎಷ್ಟಕ್ಕೆ, ಮುಗಿಯುವುದು ಎಷ್ಟಕ್ಕೆ, ಕಾಂಪೌಂಡಿನಲ್ಲಿ ಎಷ್ಟು ಡೆಸಿಬೆಲ್, ದೂರಿಗೆ ಠಾಣೆಯ ಯಾವ ನಂಬರ್, ಇದೆಲ್ಲ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಇರಲಿ. ಗೇಟಿನಲ್ಲಿ ಪತ್ರ ಇಲ್ಲದಿದ್ದರೆ ಮೈಕ್ ಹಾಕುವಂತಿಲ್ಲ ಅನ್ನುವ ಷರತ್ತನ್ನು ಬಾಡಿಗೆ ರಸೀದಿಯಲ್ಲೇ ಅಚ್ಚು ಹಾಕಿಸಿ. ಆಗ ರಸೀದಿಯನ್ನೇ ಅನುಮತಿ ಅಂದುಕೊಳ್ಳುವ ಹುಡುಗರಿಗೂ ದಾರಿ ಗೊತ್ತಾಗುತ್ತದೆ, ನಡುರಾತ್ರಿ ಬರುವ ಗಸ್ತಿನವರಿಗೂ ಕಾಗದ ಓದಿ ಒಂದೇ ಮಾತಿನಲ್ಲಿ ತೀರ್ಮಾನ ಮಾಡಲು ಆಗುತ್ತದೆ.

ಇದರ ಜೊತೆಗೆ, ಆ ವರ್ಷದ 15 ದಿನಗಳ ಪಟ್ಟಿಯನ್ನು ವಾರ್ಡ್ ಕಚೇರಿಯಲ್ಲಿ ತೂಗುಹಾಕಿ. ಠಾಣೆಯಲ್ಲಿ ಒಂದು ಸರಿಯಾದ ಶಬ್ದಮಾಪಕ ಇರಲಿ. ಮೊಬೈಲ್ ಆ್ಯಪ್ ತೋರಿಸಿ ಜಗಳ ಆಡುವುದು ನಮಗೂ ಸಾಕಾಗಿದೆ. ಗಣೇಶ ಹಬ್ಬಕ್ಕೆ ಪಾಲಿಕೆ, ಪೊಲೀಸ್, ಅಗ್ನಿಶಾಮಕ, ಬೆಸ್ಕಾಂ ಎಲ್ಲ ಒಂದೇ ಕಡೆ ಸಿಗುವ ಏಕಗವಾಕ್ಷಿ ಕೇಂದ್ರ ತೆರೆಯುತ್ತೀರಿ. ತುಂಬಾ ಅನುಕೂಲವಾಗಿದೆ. ಅದನ್ನು ನವೆಂಬರ್‌ಗೂ ಮುಂದುವರಿಸಲು ಆಗುತ್ತದೆಯೇ?

ಕೊನೆಯದಾಗಿ ಒಂದು ಪ್ರಶ್ನೆ. ಮೈದಾನದ ಉತ್ತರದ ಮೂಲೆಯಿಂದ 100 ಮೀಟರ್ ಒಳಗೆ ಒಂದು ಶಾಲೆ ಮತ್ತು ನರ್ಸಿಂಗ್ ಹೋಮ್ ಇವೆ. ಇದೇ ನಿಯಮಗಳ 2017ರ ತಿದ್ದುಪಡಿಯ ನಂತರ ಸರ್ಕಾರ ಅಧಿಸೂಚನೆ ಹೊರಡಿಸಿದರೆ ಮಾತ್ರ ಅವುಗಳ ಸುತ್ತಲಿನ ಜಾಗ ನಿಶ್ಶಬ್ದ ವಲಯ, ಅಂದರೆ ಸದ್ದಿಗೆ ಇನ್ನೂ ಬಿಗಿ ಮಿತಿ ಇರುವ ಜಾಗ. ನಮ್ಮ ಜಾಗಕ್ಕೆ ಅಂಥ ಅಧಿಸೂಚನೆ ಆಗಿದೆಯೋ ಇಲ್ಲವೋ, ದಯವಿಟ್ಟು ಲಿಖಿತವಾಗಿ ತಿಳಿಸಿ. ಆಗಿಲ್ಲದಿದ್ದರೆ, ಮಾರ್ಚ್‌ನ ಎಸ್ಎಸ್ಎಲ್‌ಸಿ ಪರೀಕ್ಷೆಯ ದಿನಗಳಲ್ಲಾದರೂ ಮೈದಾನದಲ್ಲಿ ಮೈಕಿಗೆ ಅನುಮತಿ ಕೊಡಬೇಡಿ.

ಗೇಟಿಗೆ ಗಾಜಿನ ಬಾಗಿಲಿರುವ ನೋಟಿಸ್ ಬೋರ್ಡ್ ಮಾಡಿಸುವ ಖರ್ಚು ನಮ್ಮದು. ಬಡಗಿಯನ್ನು ಮಾತಾಡಿ ಆಗಿದೆ. ಬೋರ್ಡ್ ಹಾಕಲು ತಮ್ಮ ಒಪ್ಪಿಗೆ ಪತ್ರ ಸಿಕ್ಕಿದ ವಾರದಲ್ಲೇ ಕೂರಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಮೈದಾನದ ಸುತ್ತಲಿನ ನಿವಾಸಿಗಳು
(ಸಹಿಗಳ ಪಟ್ಟಿ ಲಗತ್ತಿಸಿದೆ)