ಮೈದಾನೆಕ್‌ಗೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಶನಿವಾರ ಪೋಲೆಂಡಿನ ಲುಬ್ಲಿನ್‌ನಲ್ಲಿರುವ ಮೈದಾನೆಕ್ ನೋಡಲು ಹೋಗುತ್ತಿದ್ದೇವೆ. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಜನರನ್ನು ಕೂಡಿಹಾಕಿ ಕೊಲ್ಲುತ್ತಿದ್ದ ಶಿಬಿರ ಇದು. ಪ್ರವೇಶ ಉಚಿತ. ಒಳಗೆ ಬಯಲು, ನಡಿಗೆ ಜಾಸ್ತಿ. ಒಳ್ಳೆಯ ಶೂ, ನೀರು ಇರಲಿ.

1944ರ ಜುಲೈನಲ್ಲಿ ಸೋವಿಯತ್ ಸೇನೆ ಬೇಗನೆ ಬಂದುಬಿಟ್ಟಿದ್ದರಿಂದ ನಾಜಿಗಳಿಗೆ ಗುರುತು ಅಳಿಸಲು ಪೂರ್ತಿ ಆಗಲಿಲ್ಲ. ಹಾಗಾಗಿ ವಿಷಾನಿಲದ ಕೋಣೆಗಳು ಇನ್ನೂ ನಿಂತಿವೆ. ಗೋಡೆಯ ನೀಲಿ ಕಲೆಗಳು ಬಣ್ಣವಲ್ಲ, ಆ ವಿಷದ್ದೇ. 1943ರ ನವೆಂಬರ್ 3ರಂದು ಒಂದೇ ದಿನ ಇಲ್ಲಿ ಸುಮಾರು 18,000 ಯಹೂದಿಗಳನ್ನು ಗುಂಡಿಟ್ಟು ಕೊಂದರು. ಕೊನೆಯಲ್ಲಿರುವ ದೊಡ್ಡ ಗುಮ್ಮಟದ ಕೆಳಗೆ ಸತ್ತವರ ಬೂದಿಯ ರಾಶಿಯೇ ಇದೆ.

ಚಿಕ್ಕ ಮಕ್ಕಳನ್ನು ಕರೆತರಬೇಡಿ. ಸೆಲ್ಫಿ ಅಂತೂ ಬೇಡವೇ ಬೇಡ, ಹೇಳಬೇಕಾಗಿಲ್ಲ ಅಲ್ವಾ? ತಿಂಡಿ ಡಬ್ಬಿ ಹೊರಗೆ ಬಂದಮೇಲೆ ತೆರೆಯೋಣ. ಬರುವವರು ಗುರುವಾರದೊಳಗೆ ಇಲ್ಲೇ ಹೆಸರು ಹಾಕಿ.