ನೂರು ಹೆಸರುಗಳ ಒಂದು ಲಕೋಟೆ: ವಿದೇಶಾಂಗ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ವಿದೇಶಾಂಗ ಸಚಿವರಾದ ಶ್ರೀ ಎಸ್. ಜೈಶಂಕರ್ ಅವರಿಗೆ,

ವಂದನೆಗಳು.

ಎರಡು ಕೊರಿಯಾಗಳ ನಡುವೆ ಒಂದು ದೂರವಾಣಿ ಸಂಪರ್ಕವಿದೆ. ದಕ್ಷಿಣದ ಅಧಿಕಾರಿಗಳು ಬೆಳಿಗ್ಗೆ ಒಂಬತ್ತಕ್ಕೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ ಕರೆ ಮಾಡುವುದು ರೂಢಿ. 2023ರ ಏಪ್ರಿಲ್‌ನಲ್ಲಿ ಉತ್ತರದವರು ಫೋನ್ ಎತ್ತುವುದನ್ನು ನಿಲ್ಲಿಸಿದರು. 2025ರ ಜುಲೈಯಲ್ಲಿ, ದೋಣಿ ದಿಕ್ಕು ತಪ್ಪಿ ದಕ್ಷಿಣದ ಕಡಲಿಗೆ ಬಂದಿದ್ದ ಆರು ಮಂದಿ ಉತ್ತರ ಕೊರಿಯನ್ನರನ್ನು ಅವರದೇ ಇಚ್ಛೆಯಂತೆ ಊರಿಗೆ ಕಳುಹಿಸಬೇಕಾಯಿತು. ಆಗಲೂ ಫೋನಿಗೆ ಉತ್ತರ ಬರಲಿಲ್ಲ. ದಕ್ಷಿಣದವರು, ಕದನವಿರಾಮದ ಪಾಲನೆಯನ್ನು ನೋಡಿಕೊಳ್ಳುವ ವಿಶ್ವಸಂಸ್ಥೆಯ ಕಮಾಂಡ್ ಮೂಲಕ ಸುದ್ದಿ ಮುಟ್ಟಿಸಿ ದೋಣಿಯನ್ನು ಬಿಟ್ಟರು. ಗಡಿರೇಖೆಯ ಆಚೆ ಉತ್ತರದ ಹಡಗುಗಳು ಬಂದು ಕಾದಿದ್ದವು.

ಮಾತು ಬೇಡ ಎಂದವರು ಮನುಷ್ಯರನ್ನು ಬೇಡ ಎನ್ನಲಿಲ್ಲ. ಈ ಸುದ್ದಿಯನ್ನು ಓದಿದ ದಿನದಿಂದ ತಮಗೆ ಬರೆಯಬೇಕೆಂದು ಅಂದುಕೊಳ್ಳುತ್ತಲೇ ಇದ್ದೆ.

ಕೊರಿಯಾದ ಏಕೀಕರಣಕ್ಕೆ ಭಾರತ ಮಧ್ಯಸ್ಥಿಕೆ ವಹಿಸಲಿ ಎಂದು ನಾನು ಕೇಳುತ್ತಿಲ್ಲ. ಅಣ್ವಸ್ತ್ರದ ಕಗ್ಗಂಟನ್ನು ಬಿಡಿಸಿ ಎಂದೂ ಕೇಳುತ್ತಿಲ್ಲ. ಅದು 2019ರ ಫೆಬ್ರವರಿಯಲ್ಲಿ ಹನೋಯ್‌ನಲ್ಲಿ ಅಮೆರಿಕದ ಅಧ್ಯಕ್ಷರೇ ಎದುರಿಗೆ ಕುಳಿತರೂ ಬಿಚ್ಚಲಿಲ್ಲ. ನನ್ನ ಕೋರಿಕೆ ಚಿಕ್ಕದು. ಗಡಿಯ ಆಚೆ ಉಳಿದ ಅಣ್ಣ ಬದುಕಿದ್ದಾನೋ ಇಲ್ಲವೋ, ತೀರಿಕೊಂಡಿದ್ದರೆ ಯಾವ ದಿನ ಎಂಬಷ್ಟು ಸುದ್ದಿ ಈಚೆಯ ತಮ್ಮನಿಗೆ ತಲುಪುವಂತೆ, ಉತ್ತರದ ರಾಜಧಾನಿ ಪ್ಯಾಂಗ್ಯಾಂಗ್‌ನಲ್ಲಿರುವ ನಮ್ಮ ರಾಯಭಾರ ಕಚೇರಿಯನ್ನು ಒಂದು ಅಂಚೆಪೆಟ್ಟಿಗೆಯಾಗಿ ಕೊಡಿ.

ಚದುರಿಹೋದ ಇಂಥ ಕುಟುಂಬಗಳನ್ನು ಕೊರಿಯನ್ನರು ‘ಇಸಾನ್ ಗಾಜೋಕ್’ ಎನ್ನುತ್ತಾರೆ. ಕೊರಿಯಾ ಯುದ್ಧದಲ್ಲಿ 1953ರ ಜುಲೈ 27ರಂದು ಆದದ್ದು ಕದನವಿರಾಮ ಮಾತ್ರ, ಶಾಂತಿ ಒಪ್ಪಂದವಲ್ಲ. ಯುದ್ಧದಲ್ಲಿ ನಾಲ್ಕು ದಿನ ತಲೆತಪ್ಪಿಸಿಕೊಂಡು ಬರುತ್ತೇನೆಂದು ಹೊರಟವರು ಆಮೇಲೆ ಮನೆಗೆ ಮರಳಲೇ ಇಲ್ಲ. 1983ರ ಜೂನ್ 30ರಂದು ದಕ್ಷಿಣದ ಕೆಬಿಎಸ್ ದೂರದರ್ಶನ, ಕಳೆದುಹೋದ ಬಂಧುಗಳನ್ನು ಹುಡುಕುವ ನೇರಪ್ರಸಾರವೊಂದನ್ನು ಒಂದು ರಾತ್ರಿಯ ಮಟ್ಟಿಗೆ ಆರಂಭಿಸಿತು. ಅದು 138 ದಿನ, 453 ಗಂಟೆ ನಡೆಯಿತು. ಐವತ್ತು ಸಾವಿರಕ್ಕೂ ಹೆಚ್ಚು ಜನ ತಮ್ಮ ಕಥೆ ಹಿಡಿದು ಬಂದರು. ನಿಲಯದ ಗೋಡೆಯ ತುಂಬ, ಅದೂ ಸಾಲದೆ ಹೊರಗಿನ ಚೌಕದ ನೆಲದ ಮೇಲೂ, ಕೈಬರಹದ ಕಾಗದಗಳು: ತಂದೆಯ ಹೆಸರು, ಊರಿನ ಹೆಸರು, ತಂಗಿಯ ಮೈಮೇಲಿದ್ದ ಒಂದು ಮಚ್ಚೆ. ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ಒಂದಾದವು. ಅವರಲ್ಲಿ ಬಹುತೇಕರು ದಕ್ಷಿಣದೊಳಗೇ ಪರಸ್ಪರ ಕಳೆದುಹೋಗಿದ್ದವರು ಎಂಬುದನ್ನು ಗಮನಿಸಬೇಕು. ಗಡಿಯ ಆಚೆ ಉಳಿದವರನ್ನು ಯಾವ ಕ್ಯಾಮೆರಾ ಹುಡುಕಲು ಸಾಧ್ಯವಿತ್ತು?

ಅವರಿಗಾಗಿ ಬಾಗಿಲು ತೆರೆದದ್ದು 2000ದ ಜೂನ್‌ನಲ್ಲಿ, ದಕ್ಷಿಣದ ಅಧ್ಯಕ್ಷ ಕಿಮ್ ದೇ ಜಂಗ್ ಅವರು ಪ್ಯಾಂಗ್ಯಾಂಗ್‌ಗೆ ಹೋಗಿ ಉತ್ತರದ ನಾಯಕ ಕಿಮ್ ಜಾಂಗ್ ಇಲ್ ಅವರನ್ನು ಭೇಟಿಯಾದ ಮೇಲೆ. ಆ ವರ್ಷದ ಆಗಸ್ಟ್‌ನಿಂದ 2018ರ ಆಗಸ್ಟ್‌ವರೆಗೆ ಕುಟುಂಬಗಳ ಮುಖಾಮುಖಿ ಭೇಟಿ 21 ಸುತ್ತು ನಡೆಯಿತು. ದಕ್ಷಿಣದಲ್ಲಿ ಹೆಸರು ನೋಂದಾಯಿಸಿಕೊಂಡವರು 1,30,000ಕ್ಕೂ ಹೆಚ್ಚು. ಒಂದು ಸುತ್ತಿಗೆ ಪ್ರತಿ ಕಡೆಯಿಂದ ಆರಿಸುತ್ತಿದ್ದದ್ದು ನೂರರ ಆಸುಪಾಸು, ಅದೂ ಕಂಪ್ಯೂಟರ್ ಚೀಟಿ ಎತ್ತಿ. ಆಯ್ಕೆಯಾದವರಿಗೆ ಸಿಗುತ್ತಿದ್ದದ್ದು ಮೂರು ದಿನಗಳಲ್ಲಿ ಹನ್ನೊಂದು ಹನ್ನೆರಡು ತಾಸು. ಕೊನೆಗೆ ಬಸ್ಸಿನ ಗಾಜಿನ ಒಳಗೊಂದು ಅಂಗೈ, ಹೊರಗೊಂದು ಅಂಗೈ. ಆಮೇಲೆ ಕಾಗದವಿಲ್ಲ, ಫೋನಿಲ್ಲ. ನೋಂದಾಯಿಸಿಕೊಂಡವರಲ್ಲಿ ಈಗ ನಾಲ್ಕರಲ್ಲಿ ಸುಮಾರು ಮೂರು ಪಾಲು ಬದುಕಿಲ್ಲ. ಉಳಿದವರಲ್ಲಿ ಹೆಚ್ಚಿನವರು ಎಂಬತ್ತು ದಾಟಿದವರು.

ಸತ್ತ ದಿನಕ್ಕೇಕೆ ಇಷ್ಟು ಮಹತ್ವ ಎಂದು ತಮ್ಮ ಕಚೇರಿಯಲ್ಲಿ ಯಾರಾದರೂ ಕೇಳಬಹುದು. ನಮ್ಮ ಮನೆಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಹಿರಿಯರ ತಿಥಿ ಗೊತ್ತಿಲ್ಲದಿದ್ದರೆ ಮಹಾಲಯ ಅಮಾವಾಸ್ಯೆಯಂದು ಎಡೆ ಇಡುತ್ತೇವೆ. ಕೊರಿಯನ್ನರಲ್ಲೂ ತೀರಿಕೊಂಡ ದಿನವೇ ಹಿರಿಯರಿಗೆ ಪೂಜೆ. ಆ ದಿನ ತಿಳಿಯದವರು ಚಾಂದ್ರಮಾನದ ಒಂಬತ್ತನೆಯ ತಿಂಗಳ ಒಂಬತ್ತನೆಯ ದಿನ ಅದನ್ನು ಮಾಡುವ ಪದ್ಧತಿಯಿದೆ. ಗಡಿಯ ಹತ್ತಿರದ ಇಮ್‌ಜಿನ್‌ಗಾಕ್ ಎಂಬಲ್ಲಿ ಒಂದು ಕಟ್ಟೆ ಇದೆ. ಹಬ್ಬದ ದಿನಗಳಲ್ಲಿ ಉತ್ತರದಿಂದ ಬಂದ ಮುದುಕರು ಅಲ್ಲಿ ಹಣ್ಣು, ಅನ್ನ ಇಟ್ಟು, ಊರು ಇರುವ ದಿಕ್ಕಿಗೆ ಮುಖಮಾಡಿ ಅಡ್ಡಬೀಳುತ್ತಾರೆ. ಬದುಕಿರಬಹುದಾದ ಅಣ್ಣನಿಗೆ ಎಡೆ ಇಡುವುದು ಹೇಗೆ, ಸತ್ತಿರಬಹುದಾದ ತಾಯಿಗೆ ಇಡದಿರುವುದು ಹೇಗೆ? ಎಪ್ಪತ್ತು ವರ್ಷ ಈ ಸಂಕಟದಲ್ಲಿ ಬದುಕಿದವರ ಬಗ್ಗೆ ಯೋಚಿಸಿದರೆ ನನಗೆ ಊಟ ಸೇರುವುದಿಲ್ಲ.

ಈಗ ಕಾಲ ಇನ್ನೂ ಕೆಟ್ಟಿದೆ. 2020ರ ಜೂನ್‌ನಲ್ಲಿ ಉತ್ತರದವರು ಕೇಸಾಂಗ್‌ನ ಜಂಟಿ ಸಂಪರ್ಕ ಕಚೇರಿಯನ್ನು ಸ್ಫೋಟಿಸಿದರು. 2023ರ ಕೊನೆಯಲ್ಲಿ ಉತ್ತರದ ಈಗಿನ ನಾಯಕ ಕಿಮ್ ಜಾಂಗ್ ಉನ್ ಅವರು, ದಕ್ಷಿಣದೊಂದಿಗಿನದು ಇನ್ನು ಒಡಹುಟ್ಟಿದವರ ಸಂಬಂಧವಲ್ಲ, ಎರಡು ಶತ್ರುರಾಷ್ಟ್ರಗಳ ಸಂಬಂಧ ಎಂದು ಘೋಷಿಸಿದರು. ದಕ್ಷಿಣದ ಜೊತೆ ವ್ಯವಹರಿಸಲೆಂದೇ ಇದ್ದ ಸಂಸ್ಥೆಗಳನ್ನು ಮರುತಿಂಗಳೇ ರದ್ದುಪಡಿಸಿದರು. ಕುಟುಂಬಗಳು ಕೂಡುತ್ತಿದ್ದ ಕುಮ್‌ಗಾಂಗ್ ಬೆಟ್ಟದ ಭವನವನ್ನೂ ಕೆಡವುತ್ತಿದ್ದಾರೆಂದು 2025ರ ಫೆಬ್ರವರಿಯಲ್ಲಿ ದಕ್ಷಿಣದ ರಾಜಧಾನಿ ಸೋಲ್‌ನ ಸರ್ಕಾರ ತಿಳಿಸಿತು. 2025ರ ಜೂನ್‌ನಲ್ಲಿ ಅಧಿಕಾರಕ್ಕೆ ಬಂದ ದಕ್ಷಿಣದ ಅಧ್ಯಕ್ಷ ಲೀ ಜೇ ಮ್ಯುಂಗ್ ಗಡಿಯ ಪ್ರಚಾರದ ಧ್ವನಿವರ್ಧಕಗಳನ್ನು ನಿಲ್ಲಿಸಿದರು. ಉತ್ತರದ ವ್ಯವಸ್ಥೆಯನ್ನು ಗೌರವಿಸುತ್ತೇವೆ, ಅದನ್ನು ನುಂಗಿ ಏಕೀಕರಣ ಸಾಧಿಸುವ ಉದ್ದೇಶ ನಮಗಿಲ್ಲ ಎಂದರು. ಪ್ಯಾಂಗ್ಯಾಂಗ್‌ನಿಂದ ಬಂದದ್ದು ತಿರಸ್ಕಾರದ ಮಾತೇ.

ಆದರೆ ಸಚಿವರೇ, ಇಲ್ಲಿಯೇ ಒಂದು ದಾರಿ ಇದೆ ಎಂದು ನನಗೆ ಅನಿಸುತ್ತದೆ. ದಕ್ಷಿಣದ ಏಕೀಕರಣ ಸಚಿವಾಲಯ ಒಂದು ಕಾಗದ ಬರೆದರೆ ಅದನ್ನು ತೆಗೆದುಕೊಳ್ಳುವ ಕಚೇರಿ ಉತ್ತರದಲ್ಲಿ ಈಗ ಇಲ್ಲ. ತೆಗೆದುಕೊಂಡರೆ, ನಾವಿಬ್ಬರೂ ಒಂದೇ ಜನಾಂಗ ಎಂಬ ಹಳೆಯ ಮಾತನ್ನು ಒಪ್ಪಿದಂತಾಗುತ್ತದೆ ಎಂಬ ಹಟ ಅವರದು. ಎರಡು ಬೇರೆ ಬೇರೆ ದೇಶಗಳು ಎಂದು ಅವರೇ ಹೇಳುತ್ತಿರುವಾಗ, ಬೇರೆ ದೇಶಗಳ ನಡುವೆ ಬಂಧುಗಳ ಸುದ್ದಿ ಓಡಾಡುವ ಮಾಮೂಲಿ ದಾರಿಯನ್ನು ತೋರಿಸಬಹುದಲ್ಲವೇ? ಮೂರನೆಯ ದೇಶದ ರಾಯಭಾರ ಕಚೇರಿ, ಅಲ್ಲಿನ ವಿದೇಶಾಂಗ ಸಚಿವಾಲಯ, ಜೊತೆಗೆ ಅಂತರರಾಷ್ಟ್ರೀಯ ರೆಡ್‌ಕ್ರಾಸ್. ಯಾರೂ ಯಾವ ಮಾತನ್ನೂ ಹಿಂತೆಗೆದುಕೊಳ್ಳಬೇಕಾಗಿಲ್ಲ.

ಭಾರತವೇ ಏಕೆ? 1973ರ ಡಿಸೆಂಬರ್ 10ರಂದು, ಒಂದೇ ದಿನ, ನಾವು ಎರಡೂ ಕೊರಿಯಾಗಳೊಂದಿಗೆ ರಾಜತಾಂತ್ರಿಕ ಸಂಬಂಧ ಬೆಳೆಸಿದೆವು. ಕೋವಿಡ್ ಕಾಲದಲ್ಲಿ ಮುಚ್ಚಿದ್ದ ಪ್ಯಾಂಗ್ಯಾಂಗ್ ಕಚೇರಿಯನ್ನು ಮತ್ತೆ ತೆರೆಯಲು ನಮ್ಮ ಸಿಬ್ಬಂದಿ 2024ರ ಡಿಸೆಂಬರ್‌ನಲ್ಲಿ ಅಲ್ಲಿಗೆ ಮರಳಿದರು. 2020ರಲ್ಲಿ ಅಲ್ಲಿನ ಕ್ಷಯರೋಗಿಗಳಿಗೆ ಹತ್ತು ಲಕ್ಷ ಡಾಲರ್ ಮೌಲ್ಯದ ಔಷಧಿ ಕೊಟ್ಟಿದ್ದೇವೆ. ಇವೆಲ್ಲ ತಮಗೆ ನನಗಿಂತ ಚೆನ್ನಾಗಿ ಗೊತ್ತು.

ನನ್ನ ಮನಸ್ಸಿನಲ್ಲಿರುವ ಕಾರಣ ಮಡಿಕೇರಿಯಲ್ಲಿದೆ. ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಈಗ ವಸ್ತುಸಂಗ್ರಹಾಲಯ. ಹೋದಾಗಲೆಲ್ಲ ಕೊರಿಯಾದ ನೆನಪಿನ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ಯುದ್ಧಕೈದಿಗಳ ಪ್ರಶ್ನೆಯಲ್ಲಿ ಶಾಂತಿ ಮಾತುಕತೆ ಸಿಕ್ಕಿಬಿದ್ದಿದ್ದಾಗ, 1952ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಒಪ್ಪಿದ್ದು ವಿ.ಕೆ. ಕೃಷ್ಣ ಮೆನನ್ ಮುಂದಿಟ್ಟ ಭಾರತದ ನಿರ್ಣಯವನ್ನು. ಮರುವರ್ಷ, ಊರಿಗೆ ಮರಳಲು ಒಲ್ಲದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕೈದಿಗಳ ಹೊಣೆ ಐದು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಬಂತು. ಅದರ ಅಧ್ಯಕ್ಷರು ಇದೇ ಕೊಡಂದೇರ ತಿಮ್ಮಯ್ಯ. ದಕ್ಷಿಣದ ಅಧ್ಯಕ್ಷ ಸಿಂಗ್‌ಮನ್ ರೀ ಅವರಿಗೆ ನಮ್ಮ ಮೇಲೆ ಎಷ್ಟು ಸಿಟ್ಟಿತ್ತೆಂದರೆ, ಭಾರತೀಯ ಸೈನಿಕರು ತಮ್ಮ ನೆಲ ತುಳಿಯಬಾರದು ಎಂದರು. ಹಾಗಾಗಿ ನಮ್ಮವರನ್ನು ಹಡಗಿನಿಂದ ಹೆಲಿಕಾಪ್ಟರ್‌ನಲ್ಲಿ ಎತ್ತಿ ನೇರವಾಗಿ ಗಡಿವಲಯಕ್ಕೆ ಇಳಿಸಲಾಯಿತು.

ಅಲ್ಲಿನ ಡೇರೆಗಳಿಗೆ ಎರಡು ಬಾಗಿಲು. ತನ್ನ ದೇಶದ ಪ್ರತಿನಿಧಿ ಹೇಳುವುದನ್ನು ಕೇಳಿ ಕೈದಿ ಒಂದು ಬಾಗಿಲಿನಿಂದ ಹೋದರೆ ಊರಿಗೆ, ಇನ್ನೊಂದರಿಂದ ಹೋದರೆ ಶಿಬಿರಕ್ಕೆ ವಾಪಸು. ಆ ಕೆಲಸ ಸುಸೂತ್ರವಾಗಿ ನಡೆಯಿತೆಂದು ನಾನು ಹೇಳಲಾರೆ. ಹೆಚ್ಚಿನ ಕೈದಿಗಳು ಡೇರೆಗೆ ಬರಲೇ ಒಪ್ಪಲಿಲ್ಲ, ನಮ್ಮ ಪಡೆ ಗುಂಡು ಹಾರಿಸಿ ಕೆಲವರು ಸತ್ತದ್ದೂ ನಿಜ. ಎರಡೂ ಕಡೆಯವರು ನಮ್ಮನ್ನು ಬೈದರು. ಆದರೂ ಒಬ್ಬೊಬ್ಬ ಮನುಷ್ಯನನ್ನೂ ನಿನಗೆ ಎಲ್ಲಿಗೆ ಹೋಗಬೇಕು ಎಂದು ಕೇಳಬೇಕೆಂಬ ತತ್ವವನ್ನು ಆ ಚಳಿಗಾಲವಿಡೀ ಕಾಪಾಡಿದ್ದು ನಮ್ಮವರು. ಕೊನೆಗೆ ಎರಡೂ ಕಡೆ ಬೇಡವೆಂದ 88 ಮಂದಿ 1954ರಲ್ಲಿ ನಮ್ಮ ಸೈನಿಕರ ಜೊತೆಯಲ್ಲೇ ಭಾರತಕ್ಕೆ ಬಂದರು. ಅವರಲ್ಲಿ ಬಹುಪಾಲು ಕೊರಿಯನ್ನರು, ಕೆಲವರು ಇಲ್ಲಿಯೇ ನೆಲೆಸಿದರು. ತಿಮ್ಮಯ್ಯನವರು ಮುಂದೆ ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿದ್ದಾಗಲೇ, 1965ರಲ್ಲಿ, ಸೈಪ್ರಸ್‌ನಲ್ಲಿ ತೀರಿಕೊಂಡರು. ಅದೂ ಜನಾಂಗ ಜಗಳದಲ್ಲಿ ಒಡೆದಿದ್ದ ನೆಲವೇ.

ಅಡ್ಡಿಗಳು ಇವೆ. ಪಾಕಿಸ್ತಾನದ ಕ್ಷಿಪಣಿಗಳ ಹಿಂದೆ ಪ್ಯಾಂಗ್ಯಾಂಗ್‌ನ ಕೈ ಇದ್ದದ್ದನ್ನು ಮರೆಯಿರಿ ಎನ್ನುವುದಿಲ್ಲ. ವಿಶ್ವಸಂಸ್ಥೆಯ ನಿರ್ಬಂಧಗಳನ್ನು ಸಡಿಲಿಸುವ ಮಾತೂ ಇಲ್ಲ, ಏಕೆಂದರೆ ಮನೆಯ ಸುದ್ದಿಯ ಕಾಗದಕ್ಕೆ ನಿರ್ಬಂಧವಿಲ್ಲ. ನನ್ನನ್ನು ನಿಜವಾಗಿ ಹೆದರಿಸುವುದು ಬೇರೆಯೇ: ದಕ್ಷಿಣದಲ್ಲಿ ಬಂಧುಗಳಿರುವುದು ಉತ್ತರದಲ್ಲಿರುವವರಿಗೆ ಅಪಾಯ ತರಬಹುದು. ಆದ್ದರಿಂದ ಇದು ಸದ್ದಿಲ್ಲದೆ ಆಗಬೇಕು. ಕ್ಯಾಮೆರಾ ಬೇಡ, ಜಂಟಿ ಹೇಳಿಕೆ ಬೇಡ. ಮೊದಲು ಸೋಲ್‌ನ ಒಪ್ಪಿಗೆ ಪಡೆಯಿರಿ. ದಕ್ಷಿಣದಲ್ಲಿ ತೊಂಬತ್ತು ದಾಟಿದವರಲ್ಲಿ, ತಾವಾಗಿ ಬಯಸಿದ ನೂರು ಜನರ ಪಟ್ಟಿಯಿಂದ ಆರಂಭವಾಗಲಿ. ಬದುಕಿದ್ದಾರೆ ಅಥವಾ ಇಲ್ಲ, ತೀರಿಕೊಂಡಿದ್ದರೆ ದಿನಾಂಕ. ಇಷ್ಟೇ ಉತ್ತರ ಸಾಕು. ಮಕ್ಕಳಿಗೂ ಮೊಮ್ಮಕ್ಕಳಿಗೂ ಉಳಿಯಲೆಂದು ವೃದ್ಧರು ಮಾತಾಡಿಟ್ಟಿರುವ ಸಾವಿರಾರು ವಿಡಿಯೊ ಪತ್ರಗಳು ಸೋಲ್‌ನಲ್ಲಿವೆ. ಅವುಗಳ ಸರದಿ ಆಮೇಲೆ ಬರಲಿ.

ಮುಂದಿನ ಸಲ ನಮ್ಮ ರಾಯಭಾರಿ ಪ್ಯಾಂಗ್ಯಾಂಗ್‌ನ ವಿದೇಶಾಂಗ ಸಚಿವಾಲಯಕ್ಕೆ ಹೋದಾಗ ಒಂದು ಪ್ರಶ್ನೆ ಕೇಳುವಂತೆ ದಯವಿಟ್ಟು ಸೂಚಿಸಿ: ಇಂಥ ಲಕೋಟೆಯೊಂದನ್ನು ತಂದರೆ ತೆಗೆದುಕೊಳ್ಳುತ್ತೀರಾ? ಇಲ್ಲ ಎಂದರೆ ಮೂರು ತಿಂಗಳು ಬಿಟ್ಟು ಮತ್ತೆ ಕೇಳಲಿ.

ತಮ್ಮ ವಿಶ್ವಾಸಿ,
ಕೊಡಗಿನ ಒಬ್ಬ ನಿವೃತ್ತ ಶಿಕ್ಷಕ